ಹೊಗೆಕೊಳವೆಯ ಬಾಯಿ ಎಲ್ಲಿದೆ?

ಪೆಟ್ರೋಲ್ ಎಂಜಿನ್ನಿನ ಹೊಗೆ ಪರೀಕ್ಷಿಸುವಾಗ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂಬುದನ್ನು ನಾವು ಶೇಕಡಾ ಲೆಕ್ಕದಲ್ಲಿ ಬರೆದುಕೊಳ್ಳುತ್ತೇವೆ. ಶೇ 1 ಎಂದರೆ ಚಿಕ್ಕ ಸಂಖ್ಯೆ ಅನ್ನಿಸುತ್ತದೆ. ಅದನ್ನೇ ಪಿಪಿಎಂಗೆ ಬದಲಿಸಿದರೆ 10,000! ಕೇವಲ 1,200 ಪಿಪಿಎಂ ಇದ್ದರೂ ಜೀವಕ್ಕೆ ತಕ್ಷಣದ ಅಪಾಯ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್. ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನಗೆ ಈ ಅಂಕಿಯ ತೂಕ ತಿಳಿದದ್ದು ಅಲ್ಲಿನ ಪೊವೆಲ್ ಸರೋವರದ ಪ್ರಕರಣ ಓದಿದಾಗ.

ಯೂಟಾ ಮತ್ತು ಅರಿಝೋನಾ ರಾಜ್ಯಗಳ ಗಡಿಯಲ್ಲಿರುವ ಈ ಸರೋವರಕ್ಕೆ ಜನ ರಜೆ ಕಳೆಯಲು ಬರುತ್ತಾರೆ. ಹೌಸ್‌ಬೋಟ್‌ಗಳಲ್ಲಿ ಎ.ಸಿ., ಫ್ರಿಜ್ ಎಲ್ಲ ಇರುತ್ತವೆ. ಅವಕ್ಕೆ ಕರೆಂಟ್ ಕೊಡಲು ಜನರೇಟರ್. 2000ದ ಆಗಸ್ಟ್‌ನಲ್ಲಿ ಅಂಥದ್ದೊಂದು ದೋಣಿಯ ಹಿಂಬದಿಯಲ್ಲಿ ಈಜುತ್ತಿದ್ದ ಅಣ್ಣ-ತಮ್ಮ ಇಬ್ಬರು ಬಾಲಕರು ಸತ್ತರು. ಜನರೇಟರ್‌ನ ಹೊಗೆ, ನೀರಿಗಿಳಿಯಲು ಮಾಡಿದ್ದ ಹಲಗೆಯ ಕೆಳಗಿನ ಸಂದಿಯಲ್ಲಿ ತುಂಬಿಕೊಂಡಿತ್ತು. 1990ರಿಂದ 2000ದವರೆಗೆ ಆ ಸರೋವರದ ಸುತ್ತಮುತ್ತ ದೋಣಿಗಳಿಂದ ಇಂಥ 111 ವಿಷಬಾಧೆ ಪ್ರಕರಣಗಳು ನಡೆದಿದ್ದವು. ಅವುಗಳಲ್ಲಿ 74 ಹೌಸ್‌ಬೋಟ್‌ಗಳವು ಎಂಬುದು ತನಿಖೆಯಿಂದ ಹೊರಬಿತ್ತು.

ಬಯಲಿನಲ್ಲಿ, ಗಾಳಿಯಾಡುವ ಕಡೆ ವಿಷಾನಿಲವೇ ಎಂದು ಯಾರಿಗಾದರೂ ಅನ್ನಿಸೀತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಬಿಸಿಲಿಗೋ ದೋಣಿಯ ಓಲಾಟಕ್ಕೋ ಇರಬೇಕೆಂದು ಸುಮ್ಮನಾಗುತ್ತೇವೆ. ನೀರಿನಲ್ಲಿ ಎಚ್ಚರ ತಪ್ಪಿದವರು ಮುಳುಗುತ್ತಾರೆ. ನೋಡಿದವರು ಈಜಲಾಗದೆ ಮುಳುಗಿದರು ಅಂದುಕೊಳ್ಳುತ್ತಾರೆ. ದೋಣಿ ಚಲಿಸುತ್ತಿದ್ದರೂ ಅಪಾಯ ತಪ್ಪದು. ಹಿಂಬದಿಯಲ್ಲಿ ಗಾಳಿಯ ಒತ್ತಡ ತಗ್ಗಿ, ಹೊಗೆ ಮರಳಿ ಒಳಕ್ಕೇ ಸೆಳೆದುಕೊಳ್ಳುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಹೊಗೆಯನ್ನು ಮೇಲ್ಮಹಡಿಗಿಂತ ಎತ್ತರದ ಕೊಳವೆಯಿಂದ ಬಿಡುವ ವಿಧಾನವನ್ನು ನಿಯೋಶ್ ಎಂಜಿನಿಯರುಗಳು ಪರೀಕ್ಷಿಸಿ ಸೂಚಿಸಿದರು. ಕೆಟಲಿಟಿಕ್ ಕನ್ವರ್ಟರ್ ಇರುವ, ಕಡಿಮೆ ವಿಷ ಉಗುಳುವ ಜನರೇಟರ್‌ಗಳೂ ಬಂದವು. ಎಂಜಿನ್ ಚಾಲೂ ಇರುವಾಗ ದೋಣಿಯ ಹಿಂದಿನ ಹಲಗೆ ಹಿಡಿದು ತೇಲುವುದನ್ನು ಕ್ಯಾಲಿಫೋರ್ನಿಯಾ 2004ರ ಕಾನೂನಿನ ಮೂಲಕ ನಿಷೇಧಿಸಿತು.

ಗೆಳೆಯರ ಜೊತೆ ದೋಣಿ ಹತ್ತುವವರು ಇಷ್ಟನ್ನು ಗಮನಿಸಿದರೆ ಸಾಕು. ಎಂಜಿನ್ ಅಥವಾ ಜನರೇಟರ್ ಓಡುತ್ತಿರುವಾಗ ಹಿಂಬದಿಯಲ್ಲಿ ಕೂರಬೇಡಿ, ಈಜಬೇಡಿ. ಪಕ್ಕದಲ್ಲಿ ನಿಂತ ದೋಣಿಯ ಹೊಗೆಯೂ ನಿಮ್ಮತ್ತ ಬರಬಹುದು. ಮಲಗುವ ಕೋಣೆಯಿದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇದೆಯೇ ಎಂದು ಕೇಳಿ. ಒಬ್ಬರಿಗೆ ತಲೆಸುತ್ತು ಬಂದರೂ ಎಂಜಿನ್ ನಿಲ್ಲಿಸಿ, ಅವರನ್ನು ಶುದ್ಧ ಗಾಳಿಗೆ ಕರೆತಂದು ವೈದ್ಯರ ನೆರವು ಪಡೆಯಿರಿ.

ಇಲ್ಲಿ ಜೀವ ಹೋಗಲು ಯಂತ್ರ ಕೆಡಬೇಕಾಗಿಲ್ಲ, ಚೆನ್ನಾಗಿ ಓಡುತ್ತಿದ್ದರೂ ಸಾಕು. ಪ್ರಾಜೆಕ್ಟ್ ಇರಲಿ, ಸಂದರ್ಶನ ಇರಲಿ, ನಾವು ಮೈಲೇಜು, ದಕ್ಷತೆ, ಖರ್ಚಿನ ಬಗ್ಗೆ ಅರಳು ಹುರಿದಂತೆ ಮಾತಾಡುತ್ತೇವೆ. ಹೊಗೆ ಎಲ್ಲಿ ಹೊರಬೀಳುತ್ತದೆ, ಅಲ್ಲಿ ಯಾರಿರುತ್ತಾರೆ ಎಂಬುದನ್ನೂ ಡ್ರಾಯಿಂಗ್ ಹಾಳೆಯ ಮೇಲೆಯೇ ಯೋಚಿಸುವ ಅಭ್ಯಾಸ ನಮಗೆ ಬರಬೇಕು.