ಎಪ್ಪತ್ತೆಂಟು ಎಲೆಯ ಉಡುಗೊರೆ

ಹುಟ್ಟುಹಬ್ಬಕ್ಕೆ ಏನು ಬೇಕೇ ಅಂತ ಅಕ್ಕನ ಮಗಳನ್ನು ಕೇಳಿದ್ದೇ ನನ್ನ ತಪ್ಪಾಯಿತು. "ಟ್ಯಾರೋ ಡೆಕ್ ಕೊಡ್ಸು ಮಾವ. ಮೊದಲನೇದನ್ನ ನಾವೇ ತಗೋಬಾರ್ದಂತೆ, ಯಾರಾದ್ರೂ ಕೊಡ್ಬೇಕಂತೆ" ಎಂದಳು. ಕದ್ದ ಮನಿಪ್ಲಾಂಟೇ ಚೆನ್ನಾಗಿ ಹಬ್ಬುವುದು ಎಂದು ಪಕ್ಕದ ಮನೆಯ ಕಾಂಪೌಂಡಿಗೆ ಕೈಹಾಕುವ ಜಯನಗರದಲ್ಲಿ ಈ ಶಾಸ್ತ್ರ ಯಾರಿಗೂ ವಿಚಿತ್ರ ಅನ್ನಿಸಲಾರದು. ತಮ್ಮ ದುಡ್ಡಲ್ಲೇ ಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವರಿಗೇನೂ ಆಗಿಲ್ಲ. ಆದರೂ ಉಡುಗೊರೆ ಗಿಟ್ಟಿಸಲು ಒಳ್ಳೆಯ ನೆಪ.

ನಾನು ಭವಿಷ್ಯ ನಂಬುವವನಲ್ಲ. ಎಚ್. ನರಸಿಂಹಯ್ಯನವರ ನ್ಯಾಷನಲ್ ಕಾಲೇಜು ಇರುವ ಬಡಾವಣೆ ನಮ್ಮದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಕೂರಿಸಿದ ಮನುಷ್ಯ ಅವರು. ಹಾಗಂತ ಎಲೆ ಎಳೆದು ನೋಡುವ ಚಟ ನಮಗೆ ಹೊಸದಲ್ಲ. ಫುಟ್‌ಪಾತಿನ ಗಿಣಿಶಾಸ್ತ್ರದವನ ಮುಂದೆ ಕುಕ್ಕರುಗಾಲಲ್ಲಿ ಕೂತವರಿಗೆ ಗೊತ್ತು: ಪಂಜರದ ಬಾಗಿಲು ತೆಗೆದರೆ ಗಿಣಿ ಹೊರಗೆ ಬಂದು, ಜೋಡಿಸಿಟ್ಟ ಎಲೆಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಒಂದು ಕಾಳು ತಿಂದು ಒಳಗೆ ಹೋಗುತ್ತದೆ. ಎಲೆಯೊಳಗೆ ದೇವರ ಚಿತ್ರ. ಟ್ಯಾರೋದಲ್ಲಿ ಗಿಣಿಯ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು, ಅಷ್ಟೇ.

ಅಸಲಿಗೆ ಟ್ಯಾರೋ ಹುಟ್ಟಿದ್ದು ಆಟಕ್ಕಾಗಿ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಸಿರಿವಂತರು ಆಡುತ್ತಿದ್ದ ತುರುಫಿನಾಟ ಅದು. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ಪಂಡಿತ, ಇದು ಪ್ರಾಚೀನ ಈಜಿಪ್ಟಿನ ಗುಪ್ತವಿದ್ಯೆ ಎಂದು ಆಧಾರವಿಲ್ಲದೆ ಬರೆದ. ಆಮೇಲೆ ಅದು ಭವಿಷ್ಯದವರ ಕೈಸೇರಿತು. ಒಟ್ಟು 78 ಎಲೆ. ಅದರಲ್ಲಿ 56 ನಮ್ಮ ಇಸ್ಪೀಟಿನ ದಾಯಾದಿಗಳೇ: ಆಟಿನ್ ಜಾಗದಲ್ಲಿ ಬಟ್ಟಲು, ಇಸ್ಪೀಟಿಗೆ ಕತ್ತಿ, ಕಳಾವರಿಗೆ ದಂಡ, ಡೈಮಂಡಿಗೆ ನಾಣ್ಯ. ಗುಲಾಮನ ಜಾಗದಲ್ಲಿ ಒಬ್ಬ ಹುಡುಗ, ಒಬ್ಬ ಕುದುರೆ ಸವಾರ. ಮಿಕ್ಕ 22 ಹಳೆಯ ತುರುಫುಗಳು. ಸಾವು, ಚಂದ್ರ, ಹುಚ್ಚ, ತಲೆಕೆಳಗಾಗಿ ನೇತುಬಿದ್ದವನು ಎಲ್ಲ ಅಲ್ಲಿದ್ದಾರೆ.

ಮೊದಲು ಮೊಬೈಲಲ್ಲೇ ಅಗ್ಗದ್ದೊಂದು ತರಿಸಿ ಕೈಸುಟ್ಟುಕೊಂಡೆ. ಬಣ್ಣ ರಾಡಿ, ಚಿತ್ರದ ಅಂಚು ಕತ್ತರಿಸಿಹೋಗಿತ್ತು. ಎಲೆಗಳು ಒಂದಕ್ಕೊಂದು ಅಂಟಿಕೊಂಡು ಕಲೆಸಲಿಕ್ಕೇ ಬರಲಿಲ್ಲ. ಜೊತೆಗಿರಬೇಕಾದ ಕೈಪಿಡಿಯ ಬದಲು ಒಂದು ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ಖಾಲಿ ಪುಟ. ವಾಪಸ್ ಕಳಿಸಿ ನಾಲ್ಕನೇ ಬ್ಲಾಕಿನ ಕಡೆ ಹೊರಟೆ. ಸೀರೆ ಮುಟ್ಟಿ ನೋಡದೆ ತರುವುದುಂಟೇ?

ಅಂಗಡಿಯಲ್ಲಿ ತೆರೆದಿಟ್ಟ ಸ್ಯಾಂಪಲ್ ಇದ್ದರೆ ಸಾವು, ಸೂರ್ಯನ ಎಲೆಗಳನ್ನು ನೋಡಿ ಮರುಳಾಗಬೇಡಿ. ಅವು ಎಲ್ಲ ಡೆಕ್ಕಿನಲ್ಲೂ ಚೆಂದವೇ. ಬಟ್ಟಲಿನ ಐದನೇ ಎಲೆ ತೆಗೆಯಿರಿ. ಮಾರ್ಸೇಲ್ಸ್ ಎಂಬ ಹಳೆಯ ಫ್ರೆಂಚ್ ಮಾದರಿಯಲ್ಲಿ ಐದು ಬಟ್ಟಲು, ನಡುವೆ ಒಂದಿಷ್ಟು ಎಲೆಬಳ್ಳಿ, ಮುಗಿಯಿತು. ಹೊಸಬರು ಉರು ಹೊಡೆಯಬೇಕು. 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಹೊರತಂದ ಡೆಕ್ಕಿನಲ್ಲಿ ಅದೇ ಎಲೆ ಹೀಗಿದೆ: ಕಪ್ಪು ನಿಲುವಂಗಿ ಹೊದ್ದು ತಲೆತಗ್ಗಿಸಿದ ಒಬ್ಬ. ಅವನ ಮುಂದೆ ಮೂರು ಬಟ್ಟಲು ಉರುಳಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ಅವನು ನೋಡಿಲ್ಲ. ಆಚೆ ಹೊಳೆ, ಹೊಳೆಗೊಂದು ಸೇತುವೆ. ಇದಕ್ಕೆ ಯಾವ ಪುಸ್ತಕ ಬೇಕು? ಸಣ್ಣ ಎಲೆಗಳೂ ಕತೆ ಹೇಳುವ ಡೆಕ್ಕೇ ಮೊದಲ ಡೆಕ್ ಆಗಬೇಕು ಎಂಬುದು ನನ್ನ ಹಟ. ಗುಪ್ತವಿದ್ಯೆಯ ಕ್ರೌಲಿ ಹೇಳಿ ಕಲಾವಿದೆ ಫ್ರೀಡಾ ಹ್ಯಾರಿಸ್ ಬರೆದ ಥಾತ್ ಡೆಕ್ ಕಣ್ಣಿಗೆ ಹಬ್ಬ, ನಿಜ. ಅದನ್ನು ಎರಡನೆಯ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ.

ರೈಡರ್ ಡೆಕ್ಕಿಗೆ ಯೋಜನೆ ಹಾಕಿದವನು ಎ.ಇ. ವೇಟ್. ಚಿತ್ರಗಳನ್ನೆಲ್ಲ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಕೆಲಸ ರಾಶಿ, ಕೊಟ್ಟಿದ್ದು ಪುಡಿಗಾಸು ಎಂದು ಆಗಲೇ ಕಾಗದದಲ್ಲಿ ತೋಡಿಕೊಂಡಿದ್ದಳು. 1951ರಲ್ಲಿ ಬಡತನದಲ್ಲೇ ತೀರಿಕೊಂಡಳು. ಬಹುಕಾಲ ಡೆಕ್ಕಿನ ಹೆಸರು 'ರೈಡರ್-ವೇಟ್' ಎಂದೇ ಇತ್ತು, ಬರೆದವಳ ಹೆಸರಿಲ್ಲ. ಆದರೆ ಎಲೆಯ ಮೂಲೆಯಲ್ಲಿ ಹಾವು ಸುತ್ತಿದಂತೆ ಹೆಣೆದ ಅವಳ ಮೊದಲಕ್ಷರಗಳನ್ನು ಯಾರೂ ಅಳಿಸಲಾಗಲಿಲ್ಲ. ಡೆಕ್ಕಿಗೆ ನೂರು ವರ್ಷ ತುಂಬಿದಾಗ ಸ್ಮಿತ್ ಹೆಸರನ್ನೇ ಮುಂದಿಟ್ಟು ಒಂದು ಆವೃತ್ತಿ ಬಂತು, ಬಣ್ಣ ಸ್ವಲ್ಪ ತಣ್ಣಗಿದೆ. ನಾನು ಅದನ್ನೇ ತಂದೆ. ಒಂದು ಎಚ್ಚರ: ಟ್ಯಾರೋ ಎಲೆ ಸುಮಾರು 7 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಇಸ್ಪೀಟ್ ಆಡಿದ ಕೈಗೂ ಮೊದಮೊದಲು ಜಾರುತ್ತದೆ. ಪುಟ್ಟ ಕೈಯಾದರೆ ಚಿಕ್ಕ ಅಳತೆಯದ್ದು ಕೇಳಿ. ಅಂಚಿಗೆ ಚಿನ್ನದ ಬಣ್ಣ ಬಳಿದದ್ದಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ಇಷ್ಟೆಲ್ಲ ಹುಡುಕುವಾಗ ಒಂದು ಸಂಕಟ ಕಾಡುತ್ತಲೇ ಇತ್ತು. ಮೈಸೂರಿನ ಗಂಜೀಫಾ ಎಲೆಗಳನ್ನು ಇಟ್ಟುಕೊಂಡು ನಾವು ಲಂಡನ್ನಿನ ಎಲೆ ಹುಡುಕುತ್ತಿದ್ದೇವಲ್ಲ! ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ 36 ಎಲೆಗಳಿಂದ 360 ಎಲೆಗಳವರೆಗಿನ 'ಛದ' ಎಂಬ ಗಂಜೀಫಾ ಕಟ್ಟುಗಳನ್ನು ವರ್ಣಿಸಿದ್ದಾರೆ. ಸಂಸ್ಕೃತದಲ್ಲಿ ಛದ ಎಂದರೆ ಎಲೆಯೇ. ಕೆಲವದರಲ್ಲಿ ಟ್ಯಾರೋದಂತೆ ಕಾಯಂ ತುರುಫುಗಳೂ ಉಂಟು. ದಶಾವತಾರದ ಕಟ್ಟಿನಲ್ಲಿ 120 ದುಂಡನೆಯ ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು. ಹಗಲು ಆಡಿದರೆ ರಾಮನ ರಾಜ ಹಿಡಿದವನು ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ರಾಜ. ಮೈಸೂರು ಗಂಜೀಫಾಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿದೆ. ಆದರೆ ಕೈಯಲ್ಲಿ ಬರೆದ ಆ ಎಲೆಗಳನ್ನು ಈಗ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ, ನೆಲದ ಮೇಲೆ ಹರಡಿ ಕೂರುವವರು ಕಡಿಮೆ. ಅಕ್ಕನ ಮಗಳ ಕೈಗೆ ಕೊಟ್ಟು ಕಲೆಸು ಎನ್ನಲು ನನಗೂ ಧೈರ್ಯ ಬರಲಿಲ್ಲ.

ಹುಟ್ಟುಹಬ್ಬದ ಸಂಜೆ ಪೆಟ್ಟಿಗೆ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಿಳಿ ಕುದುರೆ ಏರಿದ ಅಸ್ಥಿಪಂಜರ. "ಹುಟ್ಟಿದ ದಿನ ಕೊಡೋ ವಸ್ತುವೇನೋ ಇದು?" ಎಂದು ಅಕ್ಕ ರೇಗಿದಳು. ಅದು ಬದಲಾವಣೆಯ ಗುರುತು, ಹಿಂದೆ ಎರಡು ಗೋಪುರದ ನಡುವೆ ಸೂರ್ಯ ನೋಡು ಎಂದು ಹುಡುಗಿ ಸಮಜಾಯಿಷಿ ಕೊಟ್ಟಳು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಹಣೆಗೇರಿಸಿ, ನಾಣ್ಯದ ರಾಣಿಯ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು.

"ಈ ಮೂಲೇಲಿ ಮೊಲ ಯಾಕಿದೆಯೇ?"

ಹುಡುಗಿ ಕೈಪಿಡಿ ತಿರುವಿದಳು. ಅದರಲ್ಲಿ ಮೊಲದ ಸುದ್ದಿಯೇ ಇರಲಿಲ್ಲ.