ಹಳೆಯ ಕೆಂಪು ವೈನ್: ಬೋರ್ಡೋದಿಂದ ನಂದಿಯ ತಪ್ಪಲಿಗೆ



ಹಿಂದೂಪುರದ ಹುಣಸೆ ಮಂಡಿ ಕಂಡವರಿಗೆ ಹೊಸ ಹುಣಸೆ ಯಾವುದು, ಹಳೆ ಹುಣಸೆ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ಬಣ್ಣ ನೋಡಿದರೇ ತಿಳಿಯುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿಯದು ಉದುರುದುರಾಗಿರುತ್ತದೆ. ಕೆಲವು ಪದಾರ್ಥಗಳನ್ನು ಬೆಂಕಿಯ ಹಾಗೆ ಕಾಲವೂ ಬೇಯಿಸುತ್ತದೆ. ಫ್ರಾನ್ಸ್ ದೇಶದ ಹಳೆಯ ಕೆಂಪು ವೈನ್ ಅಂಥದೊಂದು ಪದಾರ್ಥ. ಇವತ್ತು ಅದರ ಗುಣವೇನು, ಅದಕ್ಕೆ ಅಷ್ಟು ಬೆಲೆ ಯಾಕೆ ಎಂಬುದನ್ನು ನೋಡೋಣ.

ಸಾರಾಯಿಯಿಂದ ಮನೆ ಹಾಳಾದದ್ದನ್ನು ನೋಡಿದ ನಮ್ಮ ಸೀಮೆಯಲ್ಲಿ ಈ ಮಾತು ಯಾಕೆ ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದು ನಿಂತರು. 1995ರಲ್ಲಿ ಆಂಧ್ರದಲ್ಲಿ ಪಾನನಿಷೇಧವೇ ಬಂತು. ಅದನ್ನು ತಂದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಹಿಂದೂಪುರದಿಂದ ಗೆದ್ದವರು. 1997ರಲ್ಲಿ ಅದು ಸಡಿಲವಾಯಿತು. ನಾನು ಕುಡಿಯಲು ಕರೆಯುತ್ತಿಲ್ಲ. ನಮ್ಮ ಪೆನ್ನೇರು ಹುಟ್ಟುವ ನಂದಿಬೆಟ್ಟದ ತಪ್ಪಲಿನಲ್ಲಿಯೇ ಈ ವೈನಿನ ದ್ರಾಕ್ಷಿ ಬೆಳೆಯುತ್ತದೆ. ನಮ್ಮ ರೈತರೂ ಅದರ ಕಡೆ ಕಣ್ಣು ಹಾಯಿಸುವುದುಂಟು. ಹೂಡುವ ಮೊದಲು ತಿಳಿದಿರುವುದು ಒಳ್ಳೆಯದು.

ಬೋರ್ಡೋ ಎಂಬ ಹೆಸರು ತೋಟಗಾರರಿಗೆ ಹೊಸದಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಆ ಊರ ಸುತ್ತಿನಲ್ಲಿಯೇ. 1880ರ ದಶಕದಲ್ಲಿ ದ್ರಾಕ್ಷಿಬಳ್ಳಿಯ ಬೂಜುರೋಗಕ್ಕೆಂದು ಅದನ್ನು ಕಂಡುಕೊಂಡರು. ಗರೋನ್, ದೋರ್ದೋನ್ ಎಂಬ ಎರಡು ನದಿಗಳು ಕೂಡುವ ಸೀಮೆ ಅದು. ಅಲ್ಲಿನ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ತಳಿಯದ್ದಲ್ಲ, ಬೆರಕೆ. ಕ್ಯಾಬರ್ನೆ ಸೊವಿನ್ಯೋ ಮತ್ತು ಮೆರ್ಲೋ ಮುಖ್ಯ ತಳಿಗಳು. ಕ್ಯಾಬರ್ನೆ ಫ್ರಾಂ, ಪೆಟಿ ವೆರ್ದೋ, ಮಾಲ್ಬೆಕ್ ಸ್ವಲ್ಪ ಸ್ವಲ್ಪ.

ಬೆರಕೆ ಯಾಕೆ? ನಾವು ಶೇಂಗಾ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಯಾಕೆ ಹಾಕುತ್ತೇವೋ ಅದಕ್ಕೇ. ಮೆರ್ಲೋ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡವಾಗಿ. ಮಳೆ ಒಂದನ್ನು ಕೆಡಿಸಿದರೆ ಇನ್ನೊಂದು ಕೈಹಿಡಿಯುತ್ತದೆ. ರುಚಿಯಲ್ಲೂ ಹಾಗೆಯೇ. ಕ್ಯಾಬರ್ನೆಯದು ಒಗರು ಮತ್ತು ಗಟ್ಟಿತನ, ಮೆರ್ಲೋದ್ದು ಮೆತ್ತನೆಯ ಗುಣ. ಗರಸು ನೆಲಕ್ಕೆ ಕ್ಯಾಬರ್ನೆ, ಜೇಡಿ ನೆಲಕ್ಕೆ ಮೆರ್ಲೋ ಒಗ್ಗುತ್ತದೆ.

ಇನ್ನು ಹಳೆಯದಾಗುವ ವಿಷಯ. ಕಪ್ಪು ದ್ರಾಕ್ಷಿಯ ರಸಕ್ಕೆ ಹೆಚ್ಚು ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆ, ಬೀಜಗಳ ಜೊತೆಯಲ್ಲಿಯೇ ರಸ ಹುದುಗಿದಾಗ ಬಣ್ಣವೂ ಇಳಿಯುತ್ತದೆ, ಟ್ಯಾನಿನ್ ಎಂಬ ಒಗರೂ ಇಳಿಯುತ್ತದೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಬಿಗಿದಂತಾಗುವ ಒಗರೇ ಇದು. ಚರ್ಮ ಹದ ಮಾಡಲು ತಂಗಡಿ ತೊಗಟೆ ಬಳಸುತ್ತಿದ್ದುದೂ ಅದರಲ್ಲಿರುವ ಟ್ಯಾನಿನ್ನಿಗಾಗಿಯೇ. ತೆಲುಗಿನಲ್ಲಿ ನಾವು ತಂಗೇಡು ಅನ್ನುತ್ತೇವಲ್ಲ, ಅದು. ಹೊಸ ವೈನಿನಲ್ಲಿ ಈ ಒಗರು ಒರಟಾಗಿರುತ್ತದೆ. ಅದನ್ನು 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ ಒಂದು, ಒಂದೂವರೆ ವರ್ಷ ಇಡುತ್ತಾರೆ. ಮರದ ಮೂಲಕ ಗಾಳಿ ತೀರ ಸ್ವಲ್ಪವಾಗಿ ಒಳಸೇರುತ್ತದೆ, ಮರದ ಪರಿಮಳವೂ ಕೂಡುತ್ತದೆ. ಆಮೇಲೆ ಬಾಟಲಿಗೆ ತುಂಬಿ, ಬಿರಡೆ ಒಣಗದಂತೆ ಅಡ್ಡ ಮಲಗಿಸಿ, ತಂಪಾದ ಕತ್ತಲೆಯ ನೆಲಮಾಳಿಗೆಯಲ್ಲಿ ಇಡುತ್ತಾರೆ.

ಅಲ್ಲಿ ವರ್ಷಗಟ್ಟಲೆ ನಿಧಾನದ ಕೆಲಸ ನಡೆಯುತ್ತದೆ. ಒಗರಿನ ಅಣುಗಳು ಒಂದಕ್ಕೊಂದು ಕೂಡಿ ದೊಡ್ಡವಾಗಿ, ಕೆಲವು ಗಸಿಯಾಗಿ ತಳಕ್ಕೆ ಇಳಿಯುತ್ತವೆ. ನೇರಳೆ ಬಣ್ಣ ತಿಳಿಯಾಗಿ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಹಸಿ ಹಣ್ಣಿನ ವಾಸನೆ ಹೋಗಿ ಒಣಹಣ್ಣು, ಹೊಗೆಸೊಪ್ಪು, ಚರ್ಮ, ದೇವದಾರು ಇವುಗಳ ವಾಸನೆ ಬರುತ್ತದೆ. ಬಾಯಿ ಬಿಗಿಯುತ್ತಿದ್ದದ್ದು ನುಣುಪಾಗುತ್ತದೆ. ರಸಿಕರು ಮೆಚ್ಚುವುದು ಇದನ್ನೇ. ಬಡಿಸುವ ಮೊದಲು ಗಸಿ ಬಾರದಂತೆ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ.

ಆದರೆ ಎಲ್ಲ ವೈನೂ ಇಟ್ಟಷ್ಟೂ ಒಳ್ಳೆಯದಾಗುವುದಿಲ್ಲ. ಒಗರು, ಹುಳಿ, ಹಣ್ಣಿನ ಸಾರ ಮೂರೂ ಸರಿಯಾಗಿದ್ದರೆ ಮಾತ್ರ ಬಾಳುತ್ತದೆ. ಬಹುಪಾಲು ವೈನನ್ನು ಕೆಲವೇ ವರ್ಷಗಳಲ್ಲಿ ಮುಗಿಸಬೇಕು, ಆಮೇಲೆ ಸಪ್ಪೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಹಳೆ ವೈನಿನ ಬೆಲೆಯಲ್ಲಿ ಅಷ್ಟು ವರ್ಷ ಕಟ್ಟಿಹಾಕಿದ ಬಂಡವಾಳದ ಬಡ್ಡಿಯೂ ಸೇರಿದೆ, ಹೆಸರೂ ಸೇರಿದೆ. ಬೋರ್ಡೋದ ಪ್ರಮುಖ ತೋಟಗಳಿಗೆ 1855ರಲ್ಲಿ ದರ್ಜೆ ಕಟ್ಟಿದರು. ಆ ಪಟ್ಟಿ ಬಹುಮಟ್ಟಿಗೆ ಇಂದಿಗೂ ನಡೆಯುತ್ತಿದೆ. 1973ರಲ್ಲಿ ಮೂತೋಂ ರೋತ್‌ಶೀಲ್ಡ್ ತೋಟ ಮೊದಲ ದರ್ಜೆಗೆ ಏರಿದ್ದೇ ದೊಡ್ಡ ಬದಲಾವಣೆ.

ಈಗ ನಂದಿಗೆ ಬರೋಣ. 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಸಲಹೆಯಿಂದ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಯ ಬಳ್ಳಿಗಳನ್ನು ನೆಟ್ಟರು. ಆಮೇಲೆ ಬೋರ್ಡೋದ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಅಲ್ಲಿನ ‘ಲಾ ರಿಸರ್ವ್’ ಎಂಬ ವೈನ್ ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳ ಬೆರಕೆ. ಫ್ರಾನ್ಸಿನ ಓಕ್ ಪೀಪಾಯಿಯಲ್ಲಿ ಹದಗೊಂಡದ್ದು. ಬೋರ್ಡೋದಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮ ಕಡೆ ಬಳ್ಳಿಗೆ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಬೇಸಿಗೆ ಬಲಿಯುವ ಮೊದಲು ಕೊಯ್ಯಬೇಕು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನೂ ತಂದಿತು.

ರೈತ ಬಾಂಧವರಿಗೆ ಮುಖ್ಯವಾದ ಮಾತು ಇಲ್ಲಿದೆ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ವ್ಯಾಪಾರಿ ಒಲ್ಲೆನೆಂದರೆ ಸಂತೆಗೆ ಒಯ್ಯಬಹುದು, ರಸದವರಿಗೆ ಕೊಡಬಹುದು. ವೈನಿನ ದ್ರಾಕ್ಷಿ ಹಾಗಲ್ಲ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಹೆಚ್ಚು; ತಿನ್ನಲು ಯಾರೂ ಕೊಳ್ಳುವುದಿಲ್ಲ. ಗುಣ ಬರಬೇಕೆಂದರೆ ಇಳುವರಿಯನ್ನು ನಾವೇ ಕಡಿಮೆ ಮಾಡಬೇಕು. ಕಂಬ, ತಂತಿ, ಹನಿ ನೀರಾವರಿಗೆ ಮೊದಲೇ ಹಣ ಸುರಿಯಬೇಕು. ಫಸಲು ಕೈಗೆ ಸಿಗಲು ಎರಡು ಮೂರು ವರ್ಷ ಬೇಕು. ಸಾಲದ ಕಂತು ಮಾತ್ರ ಬಳ್ಳಿಗಾಗಿ ಕಾಯುವುದಿಲ್ಲ. ಆದ್ದರಿಂದ ಖರೀದಿಯ ಕರಾರು ಬರಹದಲ್ಲಿ ಇಲ್ಲದೆ, ದರ, ತೂಕ, ಹಣ ಕೊಡುವ ದಿನ ಇವು ಗೊತ್ತಾಗದೆ ಒಂದು ಸಸಿಯನ್ನೂ ನೆಡಬೇಡಿ. ಕೊಳವೆಬಾವಿಯ ನೀರು ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ಮೊದಲು ಅಳೆದುಕೊಳ್ಳಿ.

ಆರೋಗ್ಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಿ ವೈನ್ ಹಿಡಿಯುವವರಿಗೂ ಒಂದು ಮಾತು. ಇದರಲ್ಲಿ ನೂರಕ್ಕೆ 12ರಿಂದ 14 ಭಾಗ ಆಲ್ಕೋಹಾಲ್ ಇದೆ. ಎಷ್ಟು ಕಡಿಮೆ ಕುಡಿದರೂ ಅಪಾಯವಿಲ್ಲವೆಂದು ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ನೆಲ, ತಳಿ, ಮರ, ಕಾಲ ಈ ನಾಲ್ಕು ಕೂಡಿದ ಕಸಬು ಇದು. ಕಸಬನ್ನು ಮೆಚ್ಚುವುದಕ್ಕೆ ಕುಡಿಯಲೇಬೇಕೆಂದಿಲ್ಲ. ಬೆಳೆಯುವುದಕ್ಕೆ ಮಾತ್ರ ಲೆಕ್ಕ ಹಾಕಲೇಬೇಕು.