ಕೆಟ್ಟ ವಿಮಾನ ಮತ್ತೆ ಹಾರಿದ್ದು: ಯುದ್ಧ, ರಿಪೇರಿ ಮತ್ತು ಬೆಂಗಳೂರು

ವರ್ಷಗಟ್ಟಲೆ ನಡೆಯುವ ಯುದ್ಧದಲ್ಲಿ ಸೇನೆಯ ಕೈತಪ್ಪುವ ವಿಮಾನ, ಟ್ಯಾಂಕ್, ಲಾರಿಗಳೆಲ್ಲ ಸುಟ್ಟು ಬೂದಿಯಾಗುವುದಿಲ್ಲ. ಗುಂಡು ತಾಗಿದ್ದು, ಒರಟು ನೆಲಕ್ಕಿಳಿದು ಚಕ್ರ ಮುರಿದದ್ದು, ಎಂಜಿನ್ ಸವೆದದ್ದು, ಒಂದು ಸಣ್ಣ ಬಿಡಿಭಾಗ ಸಿಗದೆ ಮೂಲೆ ಸೇರಿದ್ದು, ಇಂಥವೇ ಬಹಳ. ಆದ್ದರಿಂದ ಕೆಟ್ಟ ಯಂತ್ರಗಳನ್ನು ಮೊದಲು ವಿಂಗಡಿಸಲಾಗುತ್ತದೆ. ನಿಂತಲ್ಲೇ ಸರಿಮಾಡಬಹುದಾದವು ಕೆಲವು. ಹಿಂದಿನ ನೆಲೆಯ ವರ್ಕ್‌ಶಾಪಿಗೆ ಸಾಗಿಸಬೇಕಾದವು ಇನ್ನು ಕೆಲವು. ಯಾವುದಕ್ಕೂ ಬಾರದವನ್ನು ಬಿಚ್ಚಿ, ಬಿಡಿಭಾಗಗಳನ್ನು ಬೇರೆ ಯಂತ್ರಗಳಿಗೆ ಹಾಕುತ್ತಾರೆ.

ಇದರ ಲೆಕ್ಕ ಸರಳವಾದರೂ ಕಠೋರ. 100 ವಿಮಾನಗಳ ಪಡೆ ಪ್ರತಿ ದಾಳಿಯಲ್ಲೂ ಶೇ 2ರಷ್ಟನ್ನು ಕಳೆದುಕೊಂಡರೆ 35ನೇ ದಾಳಿಯ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತವೆ. ರಿಪೇರಿಗೆ ಬರುವ ವಿಮಾನಗಳ ಲೆಕ್ಕ ಬೇರೆ. ದಿನಕ್ಕೆ 4 ವಿಮಾನ ಕೆಟ್ಟು ಬಂದು, ಒಂದೊಂದಕ್ಕೂ 10 ದಿನ ಹಿಡಿದರೆ, ಯಾವತ್ತು ನೋಡಿದರೂ 40 ವಿಮಾನ ಶೆಡ್ಡಿನಲ್ಲೇ ಇರುತ್ತವೆ. ಅದನ್ನು 5 ದಿನಕ್ಕೆ ಇಳಿಸಿದರೆ ಶೆಡ್ಡಿನಲ್ಲಿ ಉಳಿಯುವುದು 20. ಅಂದರೆ ಒಂದೂ ಹೊಸ ವಿಮಾನ ಕಟ್ಟದೆ 20 ವಿಮಾನ ಪಡೆಗೆ ಮರಳಿದಂತಾಯಿತು. ಈ ಸಂಬಂಧಕ್ಕೆ 1961ರಲ್ಲಿ ಗಣಿತದ ಸಾಧನೆ ಕೊಟ್ಟವರು ಅಮೆರಿಕದ ಜಾನ್ ಲಿಟಲ್. ಯುದ್ಧರಂಗಕ್ಕೆ ಅದರ ಅನುಭವ ಮೊದಲೇ ಆಗಿತ್ತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ಕಾಳಗದ ವೇಳೆ ಅಲ್ಲಿನ ಫೈಟರ್ ಪಡೆಗಳಿಗೆ ಸಿಕ್ಕ ವಿಮಾನಗಳಲ್ಲಿ ಮೂರನೇ ಒಂದು ಪಾಲು ರಿಪೇರಿಯಾಗಿ ಬಂದವೇ ಆಗಿದ್ದವು.

ಕರ್ನಾಟಕದಲ್ಲಿ ಈ ಕೆಲಸ ದೊಡ್ಡದಾಗಿ ನಡೆದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ, ಇಂದಿನ ಎಚ್‌ಎಎಲ್‌ನಲ್ಲಿ. ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್ 23ರಂದು ಇದನ್ನು ಶುರುಮಾಡಿದರು. ವಿಮಾನ ತಯಾರಿಸುವುದೇ ಆಗಿನ ಗುರಿ. 1941ರಲ್ಲಿ ಹಾರ್ಲೋ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಫೈಟರ್ ಇಲ್ಲಿಂದ ಹಾರಿದವು. ಅಷ್ಟರಲ್ಲಿ ಜಪಾನಿ ಸೇನೆ ಬರ್ಮಾವನ್ನು ಹಿಡಿದಿತ್ತು, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದಿತ್ತು. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಹೊಸ ವಿಮಾನಗಳ ತಯಾರಿಕೆ ನಿಂತು ಓವರ್‌ಹಾಲ್ ಒಂದೇ ಕಸುಬಾಯಿತು.

ಕಡಲಿನಿಂದ ದೂರ, ಶತ್ರು ವಿಮಾನಗಳಿಗೆ ಎಟುಕದ ಜಾಗ, ಹದವಾದ ಹವೆ, ಶಿವನಸಮುದ್ರದ ವಿದ್ಯುತ್ತು, ಯಂತ್ರದ ಕೆಲಸ ಬಲ್ಲ ಜನ, ಇಷ್ಟೂ ಬೆಂಗಳೂರಿನಲ್ಲಿ ಒಟ್ಟಿಗೆ ಸಿಕ್ಕವು. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್‌ಮಿಂಗ್‌ಗೆ ಸರಕು ಒಯ್ಯುತ್ತಿದ್ದ ಮಾರ್ಗವೊಂದರಲ್ಲೇ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 600 ವಿಮಾನಗಳು ನಾಶವಾದವು. ನಾಶವಾಗದೆ ಉಳಿದವನ್ನು ಹಾರುವ ಸ್ಥಿತಿಯಲ್ಲಿ ಇಡಲೇಬೇಕಿತ್ತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ರಿಪೇರಿಗಾಗಿ ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಒಂದು ತಾಂತ್ರಿಕ ಸಂಗತಿಯಿದೆ. ಎರಡು ಎಂಜಿನ್ನಿನ ಕ್ಯಾಟಲೀನಾ, ಎರಡು ಎಂಜಿನ್ನಿನ ಡಕೋಟಾ, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ನೋಡಲು ತೀರ ಬೇರೆ ಬೇರೆ. ಆದರೆ ಮೂರಕ್ಕೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಜಿನ್: 14 ಸಿಲಿಂಡರ್, 1200 ಅಶ್ವಶಕ್ತಿಯ ಆಸುಪಾಸು. ಎಂಜಿನ್ ಒಂದೇ ಕುಲದ್ದಾದರೆ ಬಿಡಿಭಾಗದ ದಾಸ್ತಾನು ಚಿಕ್ಕದಾಗುತ್ತದೆ, ಒಬ್ಬ ಫಿಟ್ಟರ್ ಕಲಿತದ್ದು ಮೂರು ವಿಮಾನಕ್ಕೆ ಸಲ್ಲುತ್ತದೆ. ದೀರ್ಘ ಯುದ್ಧದಲ್ಲಿ ಈ ಏಕರೂಪತೆಯ ಬೆಲೆ ವೇಗ, ಎತ್ತರಗಳ ದಾಖಲೆಗಳಿಗಿಂತ ಹೆಚ್ಚು.

ಓವರ್‌ಹಾಲ್ ಎಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚುವುದು. ಭಾಗಗಳನ್ನು ತೊಳೆದು, ಪ್ರತಿಯೊಂದರ ಸವೆತವನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಉಕ್ಕಿನ ಭಾಗವನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಸಣ್ಣ ಪುಡಿ ಹಾಯಿಸುತ್ತಾರೆ. ಬಿರುಕಿದ್ದಲ್ಲಿ ಕಾಂತಕ್ಷೇತ್ರ ಹೊರಗೆ ಸೋರಿ, ಪುಡಿ ಗೆರೆಯಾಗಿ ಕೂರುತ್ತದೆ. ಸವೆದ ಶಾಫ್ಟಿಗೆ ಕ್ರೋಮಿಯಂ ಲೇಪ ಏರಿಸಿ, ಗ್ರೈಂಡ್ ಮಾಡಿ ಮೊದಲಿನ ಅಳತೆಗೆ ತರಬಹುದು. ಬಿರುಕು ಬಿಟ್ಟದ್ದನ್ನು ಮಾತ್ರ ಎಸೆಯಲೇಬೇಕು. ಕೊನೆಗೆ ಎಂಜಿನ್ ಜೋಡಿಸಿ, ಟೆಸ್ಟ್ ಬೆಡ್ ಮೇಲೆ ಓಡಿಸಿ ನೋಡಿದ ಮೇಲೆಯೇ ವಿಮಾನಕ್ಕೆ ಕೂರಿಸುತ್ತಾರೆ.

ರೆಕ್ಕೆಯ ಅಲ್ಯೂಮಿನಿಯಂ ತಗಡಿನ ರಿಪೇರಿಗೂ ಒಂದು ವಿಜ್ಞಾನವಿದೆ. ಗುಂಡು ಹೊಕ್ಕ ತೂತಿನ ಅಂಚು ಹರಿದು ಚೂಪಾಗಿರುತ್ತದೆ. ತಗಡು ಎಳೆತಕ್ಕೆ ಸಿಕ್ಕಾಗ ದುಂಡನೆಯ ಸಣ್ಣ ತೂತಿನ ಅಂಚಿನಲ್ಲೇ ಒತ್ತಡ ಉಳಿದ ಕಡೆಗಿಂತ ಸುಮಾರು ಮೂರು ಪಟ್ಟು ಆಗುತ್ತದೆ. ಚೂಪು ಮೂಲೆಯಲ್ಲಿ ಅದು ಇನ್ನೂ ಎಷ್ಟೋ ಪಟ್ಟು. ಬಿರುಕು ಹುಟ್ಟುವುದೂ ಬೆಳೆಯುವುದೂ ಅಲ್ಲಿಂದಲೇ. ಅದಕ್ಕೇ ಹರಿದ ತೂತನ್ನು ಮುಚ್ಚುವ ಮೊದಲು ಅದನ್ನು ಕತ್ತರಿಸಿ ದೊಡ್ಡದಾಗಿ, ನಯವಾಗಿ, ದುಂಡಾಗಿ ಮಾಡುತ್ತಾರೆ. ಬಿರುಕು ಓಡಿದ್ದರೆ ಅದರ ತುದಿಯಲ್ಲಿ ಪುಟ್ಟ ದುಂಡು ತೂತು ಕೊರೆದು ಅದರ ಓಟ ತಡೆಯುತ್ತಾರೆ. ಆಮೇಲೆ ಮೇಲೊಂದು ತಗಡಿಟ್ಟು ರಿವೆಟ್ ಹೊಡೆಯುವುದು.

ನೆಲದ ವಾಹನಗಳ ಕಥೆ ಕೊಂಚ ಭಿನ್ನ. ಕೆಟ್ಟ ಟ್ಯಾಂಕ್ ರಣರಂಗದ ನಡುವೆ ಬಿದ್ದಿರುತ್ತದೆ. 40 ಟನ್ನಿನ ಆ ಕಬ್ಬಿಣವನ್ನು ಎಳೆದು ತರಲು ವಿಶೇಷ ವಾಹನ ಬೇಕು. ಸಂಜೆಗೆ ನೆಲ ಯಾರ ಕೈಲಿ ಉಳಿಯಿತೋ ಅವರಿಗೆ ತಮ್ಮವೂ ಎದುರಾಳಿಯವೂ ಸಿಗುತ್ತವೆ. 1965ರ ಅಸಲ್ ಉತ್ತರ್ ಕಾಳಗದ ಬಳಿಕ ಪಾಕಿಸ್ತಾನದ ಹಲವು ಪ್ಯಾಟನ್ ಟ್ಯಾಂಕ್‌ಗಳು ಭಾರತದ ಪಾಲಾದದ್ದು ಹೀಗೆ. ಭಾರತೀಯ ಸೇನೆಯಲ್ಲಿ ಕೆಟ್ಟ ವಾಹನಗಳನ್ನು ಎಳೆದು ತಂದು ಸರಿಮಾಡುವ ಕೆಲಸ ಇಎಂಇ ದಳದ್ದು. 1943ರಲ್ಲಿ, ಅದೇ ಮಹಾಯುದ್ಧದ ನಡುವೆ, ಅದು ಹುಟ್ಟಿತು. ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ಅದರದೇ. ವರ್ಕ್‌ಶಾಪ್ ದೂರವಾದಷ್ಟೂ ಲಿಟಲ್ ಲೆಕ್ಕದ ದಿನಗಳು ಹಿಗ್ಗುತ್ತವೆ. ಉಕ್ರೇನಿನ ಲೆಪರ್ಡ್ ಟ್ಯಾಂಕ್‌ಗಳು 2023ರಲ್ಲಿ ರಿಪೇರಿಗೆ ಪೋಲೆಂಡಿನ ತನಕ ಹೋಗಬೇಕಾಯಿತು. ಇತ್ತ ರಷ್ಯಾ, ಸೋವಿಯತ್ ಕಾಲದಿಂದ ಉಗ್ರಾಣ ಸೇರಿದ್ದ ಟಿ-62 ಟ್ಯಾಂಕ್‌ಗಳನ್ನೂ ಹೊರತೆಗೆದು ಯುದ್ಧಕ್ಕೆ ಕಳಿಸಿತು.

1943ರಲ್ಲಿ ತಯಾರಿಕೆ ನಿಂತದ್ದು ಎಚ್‌ಎಎಲ್‌ಗೆ ನಷ್ಟವೇ, ನಿಜ. ಆದರೆ ಆ ವರ್ಷಗಳ ರಿಪೇರಿ ಕೊಟ್ಟ ಕೈಚಳಕ ಸಣ್ಣದಲ್ಲ. ಅದು ಸಾಬೀತಾದದ್ದು ಕಾನ್ಪುರದಲ್ಲಿ. ಯುದ್ಧ ಮುಗಿದಾಗ ಅಲ್ಲಿನ ಡಿಪೋದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಬಳಸಲಾಗದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತದ ಬಳಿ ಭಾರೀ ಬಾಂಬರ್ ಇರಲಿಲ್ಲ. ಬೆಂಗಳೂರಿನ ತಂಡ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಮ್ಮೆ ಹಾರಲು ಬೇಕಾದಷ್ಟು ಸರಿಮಾಡಿತು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಸುಮಾರು 40 ವಿಮಾನಗಳನ್ನು. ಇಲ್ಲಿ ಪೂರ್ತಿ ಓವರ್‌ಹಾಲ್ ಆಯಿತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಕಟ್ಟಿಕೊಂಡಿತು.

ಅಂಥ ರಿಪೇರಿಗೂ ಮಿತಿ ಇದೆ. ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುತ್ತ ಹೋದರೆ ಕೀಳಲು ಏನೂ ಉಳಿಯದ ದಿನ ಬರುತ್ತದೆ. ಹೊಸ ಬಿಡಿಭಾಗ ಬೇಕೇ ಬೇಕು; ಅದಕ್ಕೆ ಲೇತ್, ಮಿಲ್ಲಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಎಲ್ಲವೂ ಹತ್ತಿರದಲ್ಲಿರಬೇಕು. ಬೆಂಗಳೂರಿನ ಉತ್ತರ ಅಂಚಿನಲ್ಲಿ ಆ ನೆಲೆ ನಿಧಾನವಾಗಿ ಕಟ್ಟಿಕೊಂಡಿತು. ಜಾಲಹಳ್ಳಿಗೆ 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಅದಕ್ಕೆ ಅಂಟಿಕೊಂಡ ಬಾಗಲಗುಂಟೆ, ದಾಸರಹಳ್ಳಿಗಳಲ್ಲಿ ಎರಡು ಮೂರು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಶೆಡ್ಡುಗಳು ತುಂಬಿದವು. ದೇಶವೊಂದರ ರಕ್ಷಣಾ ಬಲವನ್ನು ಅಳೆಯುವಾಗ ವಿಮಾನ, ಟ್ಯಾಂಕ್‌ಗಳ ಜತೆಗೆ ಇಂಥ ಟರ್ನರ್, ಫಿಟ್ಟರ್‌ಗಳನ್ನೂ ಎಣಿಸಬೇಕು.

ಕಾನ್ಪುರದ ಗುಜರಿಯಿಂದ ಎದ್ದು ಬಂದ ಲಿಬರೇಟರ್‌ಗಳು ಭಾರತೀಯ ವಾಯುಪಡೆಯ ಸೇವೆಯಿಂದ ನಿವೃತ್ತವಾದದ್ದು 1968ರ ಕೊನೆಗೆ.